ವಾದ್ಯ ಬರ್ತೈತೆ, ಮೇಷ್ಟ್ರು ಬರ್ತಿಲ್ಲ

ಹೋದ ವಾರ ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಜಗಳೂರು ಕಡೆಯ ಯಾವುದೋ ಶಾಲೆಯಲ್ಲಿ ನಿಂತಿದ್ದಳಂತೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮೇಡಂ, ಕಂಪ್ಯೂಟರಿನ ಹಸಿರು ತೂತಿಗೇ ಹಾಕೀನಿ. ಆ ಕಡೆ ಹಳೇ ಡಬ್ಬದ ಟೀವಿಗೂ ಹಾಕೀನಿ. ಚೂರೂ ಸದ್ದು ಬರ್ತಿಲ್ಲ. ಹೆಂಗೆ ಮಾಡ್ಲಿ?"

"ಟೀವಿ ರಿಮೋಟಲ್ಲಿ ಯಾವ ದಾರಿ ಆರಿಸೀಯವ್ವ? ಒಂದನೇ ಎವಿನೋ, ಎರಡನೇದೋ?"

"ಅದನ್ನೂ ಆರಿಸ್ಬೇಕಾ?" ಎಂದಳು. ಮರುಕ್ಷಣ ನನ್ನ ಕಿವಿಯಲ್ಲಿದ್ದ ಫೋನೇ ನಡುಗುವ ಹಾಗೆ ಏನೋ ಹಾಡು ಬಡಿಯಿತು, ಮಕ್ಕಳು ಹೋ ಎಂದು ಕೂಗಿದರು, ಫೋನು ಕಟ್ಟಾಯಿತು. ಥ್ಯಾಂಕ್ಸ್ ಹೇಳುವುದನ್ನೂ ಮರೆತಿದ್ದಳು. ನನಗೆ ಬೇಜಾರಾಗಲಿಲ್ಲ. ಸದ್ದು ಬಂದ ಖುಷಿಯಲ್ಲಿ ನಾನೂ ಎಷ್ಟೋ ಸಲ ಸ್ಕ್ರೂಡ್ರೈವರನ್ನೇ ಬಿಟ್ಟು ಬಂದಿದ್ದೇನೆ.

ಅವಳಿಗೆ ಹೇಳಬೇಕಾದದ್ದು ಇನ್ನೂ ಬಹಳ ಇತ್ತು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯಲು ಕೂತೆ.

ನಾನು ಸುಜಾತ. ಊರು ಬಿಳಿಚೋಡು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಅಪ್ಪನ ರೇಡಿಯೋ ಇರುತ್ತಿತ್ತು. ಅದು ಕೆಟ್ಟಾಗಲೆಲ್ಲ ಬಿಚ್ಚುತ್ತಿದ್ದವಳು ನಾನು, ಮುಚ್ಚುತ್ತಿದ್ದವರು ಅಪ್ಪ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಜಗಳೂರಿನ ಒಂದು ಟೀವಿ ರಿಪೇರಿ ಅಂಗಡಿಯಲ್ಲಿ ಕೆಲವು ವರ್ಷ ಇದ್ದೆ. ಶಾಲೆ ಕಾಲೇಜುಗಳಿಗೆ ಕಂಪ್ಯೂಟರು ಬರತೊಡಗಿದ ಕಾಲಕ್ಕೆ, ಅವುಗಳ ದುರಸ್ತಿ ಗುತ್ತಿಗೆ ಹಿಡಿದ ಕಂಪನಿಯೊಂದು ಚನ್ನಗಿರಿಯಲ್ಲಿ ಕಚೇರಿ ತೆರೆಯಿತು. ಅಲ್ಲಿ ಸೇರಿದವಳು ನಿವೃತ್ತಿಯಾಗುವವರೆಗೂ ಅಲ್ಲೇ ಉಳಿದೆ. ಚನ್ನಗಿರಿ, ಹೊನ್ನಾಳಿ, ಜಗಳೂರು ತಾಲೂಕುಗಳು ನನ್ನ ಪಾಲಿಗೆ ಬಂದಿದ್ದವು. ನ್ಯಾಮತಿ ಆಗಿನ್ನೂ ಹೊನ್ನಾಳಿಗೇ ಸೇರಿತ್ತು.

ಕಂಪ್ಯೂಟರು ಕೊಡುವವರು ಅದರ ಜೊತೆ ಕಿತ್ತಳೆಹಣ್ಣಿನಷ್ಟು ದೊಡ್ಡ ಎರಡು ಸ್ಪೀಕರು ಕೊಡುತ್ತಿದ್ದರು. ಅರವತ್ತು ಮಕ್ಕಳ ಕೊಠಡಿಯಲ್ಲಿ ಅದರ ದನಿ ಮೊದಲ ಸಾಲು ದಾಟುತ್ತಿರಲಿಲ್ಲ. ಹಾಗಾಗಿ ಎಲ್ಲರದೂ ಒಂದೇ ಬೇಡಿಕೆ: ಕಂಪ್ಯೂಟರಿನ ಸದ್ದು ಟೀವಿಯಲ್ಲಿ ಬರಬೇಕು, ಇಲ್ಲವೇ ಸಭಾಂಗಣದ ರಿಸೀವರಿನಲ್ಲಿ, ಅಂದರೆ ದನಿ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯಲ್ಲಿ, ಬರಬೇಕು. ಅದು ನನ್ನ ಕೆಲಸವಾಯಿತು. ಕಂಪ್ಯೂಟರಿನ ಬೆನ್ನಿಗೆ ಮೂರು ಪುಟ್ಟ ತೂತು. ಗುಲಾಬಿ ಬಣ್ಣದ್ದು ಮೈಕಿಗೆ, ನೀಲಿ ಬಣ್ಣದ್ದು ಹೊರಗಿನ ಸದ್ದು ಒಳಗೆ ಹೋಗುವುದಕ್ಕೆ, ಹಸಿರು ಬಣ್ಣದ್ದು ಒಳಗಿನ ಸದ್ದು ಹೊರಗೆ ಬರುವುದಕ್ಕೆ. ಹಸಿರಿನಿಂದ ಹೊರಟ ತಂತಿ ಕವಲೊಡೆದು ಟೀವಿಯ ಕೆಂಪು, ಬಿಳಿ ಗುಂಡಿಗಳಿಗೆ ಸೇರಬೇಕು. ಹೇಳಲು ಇಷ್ಟೇ.

ನಮ್ಮ ಮೇಲ್ವಿಚಾರಕರು ಖಾದರ್ ಸಾಹೇಬರು. ವಾಲ್ವ್ ರೇಡಿಯೋ ಕಾಲದಿಂದ ಬಂದವರು. ಹಣ್ಣಾದ ಗಡ್ಡ, ಜೇಬಿನಲ್ಲಿ ಯಾವಾಗಲೂ ಒಂದು ಹೆಡ್‌ಫೋನು. ಮೊದಲ ದಿನ ನಾನು ಠೀವಿಯಿಂದ ಮೀಟರು ತೆಗೆದಾಗ ಅವರು ನಕ್ಕು, "ಮೀಟರು ಆಮೇಲೆ ಬೇಟಿ. ಮೊದ್ಲು ಅಲ್ಲಿರೋ ಮನುಷ್ಯನ್ನ ಕೇಳು, ಏನಾಯ್ತು ಅಂತ. ಅವ್ರು ಅರ್ಧ ರಿಪೇರಿ ಬಾಯಲ್ಲೇ ಹೇಳಿರ್ತಾರೆ" ಎಂದಿದ್ದರು.

ಅವರು ಹೇಳಿಕೊಟ್ಟದ್ದನ್ನೆಲ್ಲ ನಾನು ಪಾಲಿಸಿದೆ ಎಂದರೆ ಸುಳ್ಳಾಗುತ್ತದೆ. ಪಾಲಿಸದೆ ಹೋದ ಎರಡು ಸಲ ಏನಾಯಿತು ಎಂಬುದನ್ನೇ ಮುಖ್ಯವಾಗಿ ಬರೆಯಬೇಕಾಗಿದೆ.

ಮೊದಲನೆಯದು ಹೊನ್ನಾಳಿಯಲ್ಲಿ. ಅಲ್ಲಿ ರತ್ನಮ್ಮ ಎಂಬವರು ಮನೆಯ ಮುಂಗೋಣೆಯಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಮತ್ತು ಇಂಗ್ಲಿಷ್ ಕಲಿಸುತ್ತಿದ್ದರು. ಇದ್ದದ್ದು ಒಂದೇ ಕಂಪ್ಯೂಟರು. ಇಂಗ್ಲಿಷ್ ಉಚ್ಚಾರಣೆಯ ಪಾಠ ಅದರಲ್ಲಿತ್ತು. ಅದನ್ನು ಅವರ ಯಜಮಾನರ ಹಳೆಯ ರಿಸೀವರಿಗೆ ಸೇರಿಸಿದರೆ ಹನ್ನೆರಡೂ ಹುಡುಗಿಯರು ಒಟ್ಟಿಗೆ ಕೇಳಬಹುದು ಎಂದು ನನ್ನನ್ನು ಕರೆಸಿದ್ದರು. ನಾನು ಸೇರಿ ಆರು ತಿಂಗಳೂ ಆಗಿರಲಿಲ್ಲ. ರಿಸೀವರಿನ ಹಿಂದೆ ಬರೆದಿದ್ದ ಅಕ್ಷರಗಳೆಲ್ಲ ಉಜ್ಜಿ ಹೋಗಿದ್ದವು. ಅವರನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ. ಸ್ಪೀಕರಿಗೆ ಹೋಗುವ ಗುಂಡಿಗಳನ್ನೇ ಒಳಬರುವ ಗುಂಡಿಗಳೆಂದು ತಿಳಿದು ಕಂಪ್ಯೂಟರಿನ ತಂತಿ ಸಿಕ್ಕಿಸಿದೆ. ಸದ್ದು ಬರಲಿಲ್ಲವೆಂದು ರಿಸೀವರಿನ ವಾಲ್ಯೂಮ್ ತಿರುಗಿಸಿದೆ. ಸ್ಪೀಕರಿಗೆ ಹೋಗಬೇಕಾದ ಬಲವೆಲ್ಲ ಕಂಪ್ಯೂಟರಿನೊಳಗೆ ನುಗ್ಗಿತು, ಆನೆ ಹೊರುವ ಭಾರವನ್ನು ಇರುವೆಯ ಬೆನ್ನಿಗೆ ಹಾಕಿದ ಹಾಗೆ. ಟಪ್ ಎಂದಿತು. ಆಮೇಲೆ ಸುಟ್ಟ ವಾಸನೆ.

"ಏನಾತವ್ವ?" ಎಂದು ರತ್ನಮ್ಮ ಒಳಗಿಂದ ಬಂದರು.

ನನ್ನ ಬಾಯಿಂದ ಬಂದದ್ದು ಇದು: "ಹಳೇ ಕಂಪ್ಯೂಟರ್ ಅಲ್ವೇನ್ರಿ, ಒಳಗಿನ ಸದ್ದಿನ ಕಾರ್ಡು ಹೋಗೈತೆ. ಮೊದ್ಲೇ ಹೋಗಾಕೆ ಬಂದಿತ್ತು ಅನ್ಸುತ್ತೆ."

ಅವರು ಮಜ್ಜಿಗೆ ಕೊಟ್ಟರು. ಅದನ್ನು ಕುಡಿದು ಕಾರ್ಡು ಬಿಚ್ಚಿಕೊಂಡು ಚನ್ನಗಿರಿಗೆ ಬಂದೆ.

ಮಾರನೆಯ ದಿನ ಖಾದರ್ ಸಾಹೇಬರು ಆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು, ಮೂಗಿನ ಹತ್ತಿರ ತಂದರು. "ವಯಸ್ಸಾಗಿ ಸತ್ತಿಲ್ಲ ಇದು," ಎಂದರು. "ಯಾರೋ ಕೊಂದಾರೆ." ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಹೊಸ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು, "ನಡಿ, ಬಸ್ಸು ಐತೆ" ಎಂದರು. ದಾರಿಯುದ್ದಕ್ಕೂ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದರು. ನಾನು ರತ್ನಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿ ಕೆಡವುತ್ತಿದ್ದೆ.

ರತ್ನಮ್ಮನ ಎದುರು ನಿಂತು ನಿಜ ಹೇಳಿದೆ. ಬೈಗುಳಕ್ಕೆ ಸಿದ್ಧವಾಗಿದ್ದೆ.

"ನಂಗೆ ಬೇಜಾರು ಮಿಷನ್ನು ಸುಟ್ಟಿದ್ದಕ್ಕಲ್ಲವ್ವ," ಎಂದರು. "ನಾನೇ ಏನೋ ಒತ್ತಬಾರದ್ದು ಒತ್ತಿ ಕೆಡಿಸೀನಿ ಅಂತ ನಿನ್ನೆಯಿಂದ ಅದರ ಹತ್ರಾನೂ ಹೋಗಿಲ್ಲ. ಇವತ್ತು ಹುಡುಗೀರಿಗೆ ಕ್ಲಾಸು ಇಲ್ಲ ಅಂದುಬಿಟ್ಟೆ. ನಂಗೆ ಇದೆಲ್ಲ ಆಗಂಗಿಲ್ಲ, ಮುಚ್ಚಿಬಿಡಾಣ ಅಂತಿದ್ದೆ."

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ನನ್ನ ಮಾನ ಉಳಿಸಿಕೊಳ್ಳಲು ಹೇಳಿದ ಒಂದು ವಾಕ್ಯ ಆ ಹೆಂಗಸಿನ ಧೈರ್ಯವನ್ನೇ ತಿಂದುಹಾಕಿತ್ತು. ಹೊಸ ಕಾರ್ಡು ಹಾಕಿ, ಈ ಸಲ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತಂತಿ ಎಲ್ಲಿಗೆ ಎಂದು ಅವರ ಕೈಯಲ್ಲೇ ಹಾಕಿಸಿದೆ. ಪಾಠ ರಿಸೀವರಿನಿಂದ ಹೊರಟಿತು. ಯಾವುದೋ ದೇಶದ ಹೆಂಗಸು "ಗುಡ್ ಮಾರ್ನಿಂಗ್" ಎಂದಳು. ರತ್ನಮ್ಮ ಸೆರಗು ಸರಿ ಮಾಡಿಕೊಂಡು ರಿಸೀವರಿಗೆ "ಗುಡ್ ಮಾರ್ನಿಂಗ್" ಎಂದರು. ಖಾದರ್ ಸಾಹೇಬರು ಬಾಗಿಲ ಕಡೆ ತಿರುಗಿ ನಕ್ಕರು.

ವಾಪಸು ಬರುವಾಗಲೂ ಅವರು ಆ ವಿಷಯ ಎತ್ತಲಿಲ್ಲ. ಒಂದೇ ಮಾತು ಹೇಳಿದರು: "ಮಿಷನ್ನಿಗೆ ಸುಳ್ಳು ಹೇಳಿದ್ರೆ ನಡೆಯುತ್ತೆ ಬೇಟಿ, ಅದಕ್ಕೆ ಕಿವಿ ಇಲ್ಲ." ಅವರು ನಿವೃತ್ತರಾದ ದಿನ ತಮ್ಮ ಹೆಡ್‌ಫೋನನ್ನು ನನಗೆ ಕೊಟ್ಟುಹೋದರು.

ಅವರ ಜಾಗಕ್ಕೆ ಬಂದವರು ಹೆಚ್ಚು ಓದಿದವರು, ತಾಳ್ಮೆ ಕಡಿಮೆ. ಹೆಸರು ಬೇಡ. ಮನುಷ್ಯರು ಕೆಟ್ಟವರಲ್ಲ, ಅವಸರದವರು. ಜಗಳೂರಿನ ಒಂದು ಕಾಲೇಜಿನ ಸಭಾಂಗಣದಲ್ಲಿ ನಮ್ಮಿಬ್ಬರಿಗೂ ಒಂದು ಸಲ ಜಟಾಪಟಿಯಾಯಿತು. ಅಲ್ಲಿ ಕಂಪ್ಯೂಟರು ಹಿಂಬದಿಯಲ್ಲಿ, ರಿಸೀವರು ವೇದಿಕೆಯ ಮೇಲೆ. ಉದ್ದ ತಂತಿ ಎಳೆದು ಜೋಡಿಸಿದರೆ ಭಾಷಣದ ಜೊತೆಗೆ ಹೆಜ್ಜೇನು ಎದ್ದ ಹಾಗೆ ಗುಂಯ್ ಎಂಬ ಸದ್ದು. ಎರಡೂ ಯಂತ್ರಗಳು ಬೇರೆ ಬೇರೆ ಗೋಡೆಯಿಂದ ಕರೆಂಟು ತೆಗೆದುಕೊಂಡರೆ ಹೀಗಾಗುವುದುಂಟು. ಎರಡು ಗೋಡೆಗಳ ಅರ್ಥಿಂಗ್ ಒಂದಕ್ಕೊಂದು ಹೊಂದುವುದಿಲ್ಲ, ಆ ಹೊಂದದಿರುವುದೇ ಗುಂಯ್‌ಗುಟ್ಟುತ್ತದೆ.

ಫೋನಿನಲ್ಲಿ ಈ ಹೊಸ ಸಾಹೇಬರು, "ಕಂಪ್ಯೂಟರ್ ಪ್ಲಗ್ಗಿನ ಮೂರನೇ ಪಿನ್ನು ಕಿತ್ತಾಕ್ರಿ, ನಿಲ್ಲುತ್ತೆ" ಎಂದರು.

ನಿಲ್ಲುತ್ತಿತ್ತು, ನಿಜ. ಆದರೆ ಅದು ಅರ್ಥಿಂಗ್ ಪಿನ್ನು, ಕಿತ್ತರೆ ಪೆಟ್ಟಿಗೆಗೆ ಸೋರಿದ ಕರೆಂಟು ಮುಟ್ಟಿದವರ ಮೈಯಲ್ಲೇ ಹರಿಯುತ್ತದೆ. ಆ ಹೊತ್ತಿಗೆ ಸಭಾಂಗಣದ ಕಸ ಹೊಡೆಯುವ ಹನುಮಕ್ಕ ನೆಲ ಒರೆಸುತ್ತಿದ್ದಳು. ಬರಿಗಾಲು, ಒದ್ದೆ ನೆಲ. ಒಂದು ಕೈಯಲ್ಲಿ ಬಟ್ಟೆ ಹಿಂಡುತ್ತ, ಇನ್ನೊಂದು ಕೈಯನ್ನು ಆಸರೆಗೆ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯ ಮೇಲೇ ಇಟ್ಟಿದ್ದಳು. ದಿನಾ ಹಾಗೇ ಇಡುತ್ತಿದ್ದಳೇನೋ.

"ಕೀಳಾಕೆ ಆಗಲ್ಲ ಸಾರ್," ಎಂದೆ.

"ಆಗಲ್ಲ ಅಂದ್ರೆ? ಪ್ರಿನ್ಸಿಪಾಲರು ಕಾಯ್ತಿದಾರೆ. ನಾನು ಹೇಳ್ತಿದೀನಲ್ಲ?"

"ಬೇಕಾದ್ರೆ ನೀವೇ ಬಂದು ಕೀಳ್ರಿ ಸಾರ್. ನಾನು ಕೀಳಲ್ಲ."

ಬೈಸಿಕೊಂಡೆ. ಗ್ರಂಥಾಲಯದಿಂದ ಒಂದು ಉದ್ದದ ಎಕ್ಸ್‌ಟೆನ್ಷನ್ ಬೋರ್ಡು ಕೇಳಿ ತಂದು, ಗೋಡೆಯಂಚಿನುದ್ದಕ್ಕೂ ಎಳೆದು, ಎರಡೂ ಯಂತ್ರಗಳಿಗೆ ಒಂದೇ ಕಡೆಯಿಂದ ಕರೆಂಟು ಕೊಟ್ಟೆ. ಸದ್ದು ಅಡಗಿತು. ಹನುಮಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಏನ್ ಪಿನ್ನವ್ವ ಅದು, ಅಷ್ಟು ಬೈಸ್ಕಂಡಿ?" ಎಂದಳು. ಹೇಳಿದೆ. ಅವಳು ತನ್ನ ಪಾದಗಳನ್ನೇ ನೋಡಿಕೊಂಡಳು. "ನನ್ ಕಾಲಿನ್ ಸಲುವಾಗಿ ಇಷ್ಟು ವರ್ಷದಾಗೆ ಯಾರೂ ಬೈಸ್ಕಂಡಿರಲಿಲ್ಲ" ಎಂದು ಹೇಳಿ, ಆಚೆ ಹೋಗಿ ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಂದಳು. ಇಬ್ಬರೂ ವೇದಿಕೆಯ ಮೆಟ್ಟಿಲ ಮೇಲೆ ಕೂತು ತಿಂದೆವು.

ಮುಂದೆ ಕೆಲಸದ ರೀತಿಯೇ ಬದಲಾಯಿತು. ಡಬ್ಬದಂಥ ಟೀವಿಗಳು ಹೋಗಿ ಗೋಡೆಗೆ ನೇತುಹಾಕುವ ಹಾಳೆಗಳು ಬಂದವು. ಕೆಂಪು, ಬಿಳಿ ಗುಂಡಿಗಳು ಮಾಯವಾದವು. ಚಿತ್ರ, ದನಿ ಎರಡನ್ನೂ ಒಂದೇ ಚಪ್ಪಟೆ ಬಾಯಿಯ ಎಚ್‌ಡಿಎಂಐ ತಂತಿ ಹೊತ್ತು ತರತೊಡಗಿತು. ತಂತಿ ಸರಿಯಾಗಿದ್ದರೂ ಸದ್ದು ಬಾರದಿದ್ದರೆ ಕಂಪ್ಯೂಟರಿನೊಳಗೇ ಹೋಗಿ, ದನಿ ಯಾವ ಬಾಗಿಲಿನಿಂದ ಹೊರಡಬೇಕು ಎಂದು ಆರಿಸಿ ಹೇಳಬೇಕು. ಈಗಂತೂ ಗಾಳಿಯಲ್ಲೇ ಸೇರುತ್ತದೆ, ತಂತಿಯೇ ಇಲ್ಲ. ಬೆಸುಗೆ ಹಾಕುವ ಕಡ್ಡಿ ಹಿಡಿಯದೆ ಇಡೀ ವರ್ಷ ಕಳೆಯುವ ಹುಡುಗಿಯರಿದ್ದಾರೆ. ನಾನು ಅದಕ್ಕೆ ಮರುಗುವುದಿಲ್ಲ. ಸುಟ್ಟು ಸುಟ್ಟು ಗಟ್ಟಿಯಾದ ನನ್ನ ಬೆರಳ ತುದಿಗಳನ್ನು ನೋಡಿದರೆ ಯಾಕೆ ಮರುಗುವುದಿಲ್ಲ ಎಂದು ತಿಳಿಯುತ್ತದೆ.

ಇನ್ನು ಎರಡನೆಯ ತಪ್ಪು. ಇದು ಡಬ್ಬದ ಟೀವಿಗಳ ಕೊನೆಗಾಲದ್ದು, ಗೋವಿನಕೋವಿಯ ಶಾಲೆಯಲ್ಲಿ ಆದದ್ದು.

ಆ ಶಾಲೆಯಲ್ಲಿ ಹಾಲೇಶಪ್ಪ ಮೇಷ್ಟ್ರು ಎಂಬವರಿದ್ದರು. ಒಂದನೆಯ ತರಗತಿಯನ್ನು ಬಿಟ್ಟು ಬೇರೆ ತರಗತಿಗೆ ಹೋಗಲು ಒಪ್ಪದವರು. ಮಗ್ಗಿಯನ್ನು ಹಾಡಿ ಕಲಿಸುತ್ತಿದ್ದರು. ಅವರ ಹತ್ತಿರ ಒಂದು ಪುಟ್ಟ ಎಲೆಕ್ಟ್ರಾನಿಕ್ ಹಾರ್ಮೋನಿಯಂ ಇತ್ತು, ಅದನ್ನು ನುಡಿಸುತ್ತ ಎರಡರ ಮಗ್ಗಿಗೆ ಒಂದು ಧಾಟಿ, ಮೂರರದ್ದಕ್ಕೆ ಇನ್ನೊಂದು. ಊರಿನ ಅರ್ಧ ಜನ ಗದ್ದೆಯಲ್ಲಿ ಲೆಕ್ಕ ಹಾಕುವಾಗಲೂ ಆ ಧಾಟಿಯಲ್ಲೇ ಗುನುಗುತ್ತಿದ್ದರು. ಅವರಿಗೆ ಗಂಟಲಿನಲ್ಲಿ ಗಂಟಾಯಿತು. ದಾವಣಗೆರೆಯ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು.

ಆಪರೇಷನ್ನಿಗೆ ಮುಂಚಿನ ನಾಲ್ಕೈದು ದಿನ ಮೇಷ್ಟ್ರು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಜೊತೆಗೆ ಪುಷ್ಪ ಎಂಬ ಚಿಕ್ಕ ವಯಸ್ಸಿನ ಶಿಕ್ಷಕಿ. ಮೊದಲು ಹಾರ್ಮೋನಿಯಂ ನುಡಿಸಿ ಕಂಪ್ಯೂಟರಿಗೆ ತುಂಬುವುದು, ಆಮೇಲೆ ಅದರ ಮೇಲೆ ಮೈಕಿನಲ್ಲಿ ಮೇಷ್ಟ್ರ ದನಿ. ಎರಡರಿಂದ ಹತ್ತರವರೆಗೆ ಮಗ್ಗಿ, ಕಾಗುಣಿತ, ನಾಲ್ಕಾರು ಕಥೆ. ಗಂಟಲು ನೋಯುತ್ತಿದ್ದರೂ ಬಿಡಲಿಲ್ಲವಂತೆ. ಇದನ್ನೆಲ್ಲ ನನಗೆ ಪುಷ್ಪ ಆಮೇಲೆ ಹೇಳಿದ್ದು.

ಆಪರೇಷನ್ ಆಗಿ, ಬೇಸಿಗೆ ರಜೆ ಕಳೆದು, ಮೇಷ್ಟ್ರು ಶಾಲೆಗೆ ಮರಳಿದರು. ಕೊರಳಿಗೆ ತೆಳು ಬಿಳಿ ವಸ್ತ್ರ, ಕೈಯಲ್ಲಿ ಒಂದು ಸ್ಲೇಟು. ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದರು. ಆದರೆ ಒಂದನೆಯ ತರಗತಿಯ ಮಕ್ಕಳಿಗೆ ಸ್ಲೇಟಿನಲ್ಲಿ ಬರೆದದ್ದನ್ನು ಓದಲು ಬರುವುದಿಲ್ಲವಲ್ಲ. ತಾಯಿ ತಂದೆಯರಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರ ಮೇಲೆ ಸಿಟ್ಟಿದ್ದವರು ಯಾರೂ ಇರಲಿಲ್ಲ. ಆದರೆ ಮಾತಿಲ್ಲದವರು ಅಕ್ಷರ ಹೆಂಗೆ ಕಲಿಸುತ್ತಾರೆ, ಅವರಿಗೆ ನ್ಯಾಮತಿಯಲ್ಲಿ ಕೂತು ಬರೆಯುವ ಕೆಲಸ ಕೊಟ್ಟು ಇಲ್ಲಿಗೆ ಬೇರೆಯವರನ್ನು ಹಾಕಲಿ ಎಂದು ಮನವಿ ಬರೆಯುವ ಮಾತಾಯಿತು. ಪುಷ್ಪ, "ಮೇಷ್ಟ್ರು ಪಾಠ ಮಾಡೋದನ್ನ ಒಂದ್ಸಲ ನೋಡ್ರಿ, ಆಮೇಲೆ ಬರೀರಿ" ಎಂದು ಎಲ್ಲರನ್ನೂ ಒಂದು ಬೆಳಿಗ್ಗೆ ಶಾಲೆಗೆ ಕರೆದಳು.

ಅದಕ್ಕೆ ಹತ್ತು ದಿನ ಮೊದಲು ನಾನು ಹೋಗಿ ಅವರ ಕಂಪ್ಯೂಟರನ್ನು ಟೀವಿಗೆ ಜೋಡಿಸಿದ್ದೆ. ಚಿತ್ರ ಬೇಕಿರಲಿಲ್ಲ, ದನಿಯಷ್ಟೇ. ಅಂಗಡಿಯ ತಂತಿ ಉದ್ದ ಸಾಲದೆ ಅಲ್ಲೇ ಕೂತು ಒಂದು ತಂತಿ ಕತ್ತರಿಸಿ ನಾನೇ ಪಿನ್ನುಗಳಿಗೆ ಬೆಸೆದೆ. ಒಂದು ಹಾಡು ಹಾಕಿ ನೋಡಿದೆ, ಚೆನ್ನಾಗಿ ಬಂತು. ಮಧ್ಯಾಹ್ನದ ಬಸ್ಸು ಹಿಡಿದು ಬಸವಾಪಟ್ಟಣಕ್ಕೆ ಹೋಗುವುದಿತ್ತು, ಹೊರಟುಬಿಟ್ಟೆ.

ಸಭೆಯ ದಿನ ನಾನು ನ್ಯಾಮತಿಯಲ್ಲೇ ಬೇರೆ ಕೆಲಸದಲ್ಲಿದ್ದೆ. ಪುಷ್ಪಳ ಫೋನು ಬಂತು. ದನಿ ಅಳುವಿನ ಅಂಚಿನಲ್ಲಿತ್ತು.

"ಮೇಡಂ, ವಾದ್ಯ ಬರ್ತೈತೆ, ಮೇಷ್ಟ್ರು ಬರ್ತಿಲ್ಲ."

"ಏನಂದ್ರಿ?"

"ಹಾರ್ಮೋನಿಯಂ ಅಷ್ಟೇ ಕೇಳ್ತೈತೆ. ಮೇಷ್ಟ್ರ ದನಿ ಇಲ್ಲ. ಎಲ್ಲ ಮಗ್ಗೀನೂ ಹಂಗೇ ಐತೆ. ಊರೋರೆಲ್ಲ ಕೂತಾರೆ. ಬೇಗ ಬರ್ರಿ ಮೇಡಂ."

ಸಿಕ್ಕ ಆಟೋ ಹತ್ತಿ ಹೋದೆ. ಕೊಠಡಿ ತುಂಬಿತ್ತು. ಮುಂದೆ ನೆಲದ ಮೇಲೆ ಮಕ್ಕಳು, ಹಿಂದೆ ಬೆಂಚುಗಳ ಮೇಲೆ ತಂದೆ ತಾಯಿಯರು. ಟೀವಿಯನ್ನು ಎಲ್ಲರಿಗೂ ಕೇಳಲೆಂದು ಮೂಲೆಯಿಂದ ಮಧ್ಯಕ್ಕೆ ಎಳೆದಿಟ್ಟಿದ್ದರು. ಅದರ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಒಬ್ಬ ಹೆಂಗಸು "ಪಾಪ" ಎಂದದ್ದು ಕೇಳಿಸಿತು. ಪುಷ್ಪ ಇನ್ನೊಮ್ಮೆ ಹಾಕಿ ತೋರಿಸಿದಳು. ಹಾರ್ಮೋನಿಯಂ ಇಂಪಾಗಿ ಬಂತು, ಸಣ್ಣಗೆ ಗುಂಯ್ ಎಂಬ ಸದ್ದೂ ಇತ್ತು. ಹಾಡುವವನಿಲ್ಲದ ಹಾಡು. ಬಹಳ ಕಿವಿಗೊಟ್ಟರೆ ದೂರದ ಹೊಲದಾಚೆ ಯಾರೋ ಮಾತಾಡಿದಂತೆ ಏನೋ ಒಂದು ನೆರಳು, ಅಷ್ಟೇ.

ಮೇಷ್ಟ್ರು ನನ್ನ ಕಡೆ ಸ್ಲೇಟು ತಿರುಗಿಸಿದರು. ಬರೆದಿತ್ತು: "ಅಲ್ಲೂ ಹೋಯಿತೆ?"

ಚೀಲದಿಂದ ಹೆಡ್‌ಫೋನು ತೆಗೆದು, ಟೀವಿಯ ತಂತಿ ಕಿತ್ತು, ನೇರವಾಗಿ ಕಂಪ್ಯೂಟರಿನ ಹಸಿರು ತೂತಿಗೆ ಹಾಕಿದೆ. ಕಿವಿಗಿಟ್ಟುಕೊಂಡೆ. ತುಂಬು ದನಿ, ಸ್ವಲ್ಪ ಒರಟು, ಹತ್ತಿರದಲ್ಲೇ ಕೂತು ಮಾತಾಡಿದಂತೆ. ನಾನು ಹೆಡ್‌ಫೋನನ್ನು ತೆಗೆದು ಮೇಷ್ಟ್ರ ತಲೆಗೆ ಹಾಕಿದೆ.

ಅವರು ಕಣ್ಣು ಮುಚ್ಚಿಕೊಂಡರು. ತುಟಿ ಮಾತ್ರ ಅಲುಗುತ್ತಿತ್ತು. ಆಪರೇಷನ್ ಆದಮೇಲೆ ತಮ್ಮ ದನಿಯನ್ನು ಅವರು ಕೇಳಿದ್ದು ಅದೇ ಮೊದಲಂತೆ. ಅಲ್ಲಿಯವರೆಗೆ ಕೇಳಲು ಮನಸ್ಸು ಬಂದಿರಲಿಲ್ಲವೆಂದು ಪುಷ್ಪ ಹೇಳಿದಳು. ಒಂದು ನಿಮಿಷವಾದ ಮೇಲೆ ಕಣ್ಣು ತೆರೆದು, ಸ್ಲೇಟಿನ ಮೇಲೆ ಬರೆದದ್ದನ್ನು ಅಂಗಿಯ ತೋಳಿನಿಂದ ಒರೆಸಿಬಿಟ್ಟರು.

ದನಿ ಕಂಪ್ಯೂಟರಿನಲ್ಲಿತ್ತು. ಟೀವಿಯೂ ಸರಿಯಿತ್ತು. ಉಳಿದದ್ದು ನಡುವಿನ ತಂತಿ. ಅದನ್ನು ಕೈಗೆತ್ತಿಕೊಂಡಾಗ ಪಿನ್ನಿನ ಬುಡಕ್ಕೆ ಸುತ್ತಿದ್ದ ಹಳದಿ ಟೇಪು ಕಂಡಿತು. ನಾನು ಸುತ್ತಿದ್ದು. ಬಿಚ್ಚಿದೆ. ಒಳಗೆ ಮೂರು ಎಳೆ ಇರಬೇಕು. ಎರಡು ಗಟ್ಟಿಯಾಗಿದ್ದವು. ಮೂರನೆಯದು ಬೆಸುಗೆಯ ಹನಿಯಿಂದ ಕಳಚಿ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಬೆಸೆದ ಮೇಲೆ ಎಳೆದು ನೋಡಬೇಕು ಎಂದು ಖಾದರ್ ಸಾಹೇಬರು ಸಾವಿರ ಸಲ ಹೇಳಿದ್ದರು. ಬಸ್ಸಿನ ಅವಸರದಲ್ಲಿ ನಾನು ಎಳೆದಿರಲಿಲ್ಲ. ಆವತ್ತು ಹೇಗೋ ಅಂಟಿಕೊಂಡಿದ್ದ ಎಳೆ, ಇವರು ಟೀವಿಯನ್ನು ಮಧ್ಯಕ್ಕೆ ಎಳೆದಾಗ ಬಿಟ್ಟುಕೊಂಡಿತ್ತು.

ಎದ್ದು ನಿಂತೆ. ಕೊಠಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ನಿಮ್ಮ ದನಿಗೇನೂ ಆಗಿಲ್ಲ. ಈ ತಂತಿ ಬೆಸೆದೋಳು ನಾನು. ಸರಿಯಾಗಿ ಬೆಸೆದಿಲ್ಲ. ತಪ್ಪು ನಂದು."

ಮೊದಲ ಬೆಂಚಿನಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ರುದ್ರೇಶ ಕೂತಿದ್ದ, ಮನವಿಯ ಕಾಗದ ಅವನ ಕೈಯಲ್ಲೇ ಇತ್ತು. "ಏನ್ರೀ ಇದು?" ಎಂದ. "ಇಷ್ಟೊತ್ತು ಮೇಷ್ಟ್ರ ಮುಖ ನೋಡಾಕಾಗದೆ ನಾವೆಲ್ಲ ನೆಲ ನೋಡ್ಕಂಡು ಕೂತಿದ್ವಿ. ನಿಮ್ ತಪ್ಪಿಗಾ?"

"ಹೌದ್ರಿ. ನನ್ ತಪ್ಪಿಗೇ."

ಮೇಷ್ಟ್ರು ಬೆಂಚಿನ ಕಡೆ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ಆಮೇಲೆ ಸ್ಲೇಟಿನಲ್ಲಿ ಬರೆದರು: "ವಾದ್ಯ ಉಳಿದು ದನಿ ಮಾತ್ರ ಹೋದದ್ದು ಹೇಗೆ?"

ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಬೆಸುಗೆ ಕಡ್ಡಿ ಕಾಯಲು ಹೇಗೂ ಹೊತ್ತು ಬೇಕಿತ್ತು. ನಾನು ಕರಿಹಲಗೆಯ ಮೇಲೆ ಮೂರು ಗೆರೆ ಎಳೆದೆ. ಒಂದು ಎಳೆ ಎಡಗಿವಿಯ ಸದ್ದು ತರುತ್ತದೆ, ಒಂದು ಬಲಗಿವಿಯದ್ದು. ಮೂರನೆಯದು ಎರಡಕ್ಕೂ ಸೇರಿದ ವಾಪಸು ದಾರಿ. ಆ ದಾರಿ ಕಡಿದರೆ ಎಡವೂ ಬಲವೂ ಒಂದರೊಳಗೊಂದು ನುಗ್ಗುತ್ತವೆ. ಎರಡರಲ್ಲೂ ಸರಿಸಮ ಇರುವುದು ಒಂದನ್ನೊಂದು ಅಳಿಸಿಹಾಕುತ್ತದೆ, ಬೇರೆ ಬೇರೆ ಇರುವುದಷ್ಟೇ ಉಳಿಯುತ್ತದೆ. ಹಾರ್ಮೋನಿಯಂ ಎಡಕ್ಕೊಂದು ಥರ, ಬಲಕ್ಕೊಂದು ಥರ ನುಡಿದಿತ್ತು, ಉಳಿಯಿತು. "ನಿಮ್ಮ ದನಿ ಒಂದೇ ಮೈಕಿಂದ ಬಂದು ಎರಡೂ ಕಡೆ ಒಂದೇ ಸಮ ಇತ್ತು ಮೇಷ್ಟ್ರೇ. ನಡುವೆ ನಿಂತಿತ್ತು. ಅದಕ್ಕೇ ಹೋಯ್ತು."

ಅವರು ಎದ್ದು ಬಂದು ಹಲಗೆಯನ್ನು ಹತ್ತಿರದಿಂದ ನೋಡಿದರು. ಸೀಮೆಸುಣ್ಣ ತೆಗೆದುಕೊಂಡು ನನ್ನ ಮೂರು ಗೆರೆಗಳ ಪಕ್ಕ ದೊಡ್ಡದಾಗಿ ಒಂದು ಸರಿ ಗುರುತು ಹಾಕಿದರು. ಮಕ್ಕಳು ಕಿಸಕ್ಕೆಂದರು.

ಕಡ್ಡಿ ಕಾಯಿತು. ಬೆಸೆದೆ. ಮೂರು ಎಳೆಗಳನ್ನೂ ಒಂದೊಂದಾಗಿ ಎಳೆದು ನೋಡಿದೆ, ಮತ್ತೆ ಎಳೆದು ನೋಡಿದೆ. ಜೋಡಿಸಿ ಪುಷ್ಪಳಿಗೆ ಸನ್ನೆ ಮಾಡಿದೆ.

ಹಾರ್ಮೋನಿಯಂ ಶುರುವಾಯಿತು. ಅದರ ಮೇಲೆ ದನಿ:

"ಏಯ್, ಯಾರದು ಹಿಂದೆ ಮಾತಾಡೋದು? ನೆಟ್ಟಗೆ ಕೂತ್ಕಳ್ರಿ. ಮಗ್ಗಿ ಶುರು."

ಮಕ್ಕಳಿಗಿಂತ ಮೊದಲು ನೆಟ್ಟಗೆ ಕೂತವರು ಹಿಂದಿನ ಬೆಂಚಿನವರು. ರುದ್ರೇಶ ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಪಾಪ" ಎಂದಿದ್ದ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಅವರೆಲ್ಲ ಆ ದನಿಯಿಂದಲೇ ಅಕ್ಷರ ಕಲಿತವರು.

"ಎರಡೊಂದ್ಲೆ..." ಎಂದಿತು ದನಿ. ಅಲ್ಲಿಗೇ ನಿಂತಿತು.

ಮತ್ತೆ ಹೋಯಿತೆಂದು ನನ್ನ ಕೈ ತಂತಿಯ ಕಡೆ ಓಡಿತು. ಪುಷ್ಪ ನನ್ನ ಮಣಿಕಟ್ಟು ಹಿಡಿದಳು.

"ಇರ್ರಿ ಮೇಡಂ," ಎಂದು ಪಿಸುಗುಟ್ಟಿದಳು. "ಅದು ಮಕ್ಕಳು ಹೇಳಾಕೆ ಮೇಷ್ಟ್ರು ಬಿಟ್ಟಿರೋ ಜಾಗ."

ಮಕ್ಕಳು ಟೀವಿಯನ್ನು ನೋಡುತ್ತ ಗುಜುಗುಜು ಏನೋ ಅಂದವು.

"ಕೇಳ್ಸಲಿಲ್ಲ. ಇನ್ನೊಂದ್ಸಲ," ಎಂದಿತು ದನಿ. "ಎರಡೊಂದ್ಲೆ..."

ಮುಂದಿನ ಸಾಲಿನಲ್ಲಿ ಚೈತ್ರ ಎಂಬ ಹುಡುಗಿಯಿದ್ದಳು. ಆ ಜೂನಿನಲ್ಲಿ ಶಾಲೆಗೆ ಸೇರಿದವಳು. ಮೇಷ್ಟ್ರು ಮಾತಾಡಿದ್ದನ್ನು ಎಂದೂ ಕೇಳಿದವಳಲ್ಲ. ಅವಳು ಟೀವಿಯನ್ನು ನೋಡಿದಳು. ಕುರ್ಚಿಯಲ್ಲಿದ್ದ ಮೇಷ್ಟ್ರನ್ನು ನೋಡಿದಳು. ಇನ್ನೊಮ್ಮೆ ಟೀವಿಯನ್ನು ನೋಡಿದಳು. ಆಮೇಲೆ ಎದ್ದು ನಿಂತು, ಟೀವಿಯಿಂದ ಪೂರ್ತಿ ಪಕ್ಕಕ್ಕೆ ತಿರುಗಿ, ಮೇಷ್ಟ್ರ ಮುಖ ನೋಡಿ, "ಎರಡು" ಎಂದಳು.

ಮೇಷ್ಟ್ರು ತಲೆಯಾಡಿಸಿ ಒಂದು ಬೆರಳು ಎತ್ತಿದರು.

"ಎರಡೆರಡ್ಲೆ..."

"ನಾಲ್ಕು!" ಈಗ ಅವಳ ಜೊತೆ ಇನ್ನಿಬ್ಬರಿದ್ದರು. ಅವರೂ ಮೇಷ್ಟ್ರ ಕಡೆ ತಿರುಗಿದ್ದರು. ಮೇಷ್ಟ್ರು ಎರಡನೆಯ ಬೆರಳು ಎತ್ತಿದರು. ದನಿ ಟೀವಿಯಿಂದ ಬರುತ್ತಿತ್ತು, ತುಟಿ ಅವರದು ಅಲುಗುತ್ತಿತ್ತು, ತಾಳ ಅವರ ಬೆರಳಿನಲ್ಲಿತ್ತು. ಹಿಂದಿನ ಬೆಂಚಿನ ಗಂಡಸರು ಸಣ್ಣಗೆ ಗುನುಗತೊಡಗಿದರು. ಮನವಿಯ ಕಾಗದ ಆವತ್ತು ಯಾರ ಸಹಿಯೂ ಇಲ್ಲದೆ ರುದ್ರೇಶನ ಜೇಬಿಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಮೇಷ್ಟ್ರು ವಯಸ್ಸಾಗಿ ನಿವೃತ್ತರಾಗುವವರೆಗೂ ಅದೇ ಕೊಠಡಿಯಲ್ಲಿ ಒಂದನೆಯ ತರಗತಿಗೆ ಪಾಠ ಮಾಡಿದರು. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಮಗ್ಗಿ ಮುಂದುವರಿಯುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕೂತಲ್ಲೇ ಹೊರಳಿಕೊಳ್ಳುತ್ತಿದ್ದರು. ಎರಡ್ಹತ್ಲೆ ಇಪ್ಪತ್ತಕ್ಕೆ ಬರುವಷ್ಟರಲ್ಲಿ ಆ ಕೊಠಡಿಯಲ್ಲಿ ಟೀವಿಯ ಕಡೆ ಮುಖ ಮಾಡಿ ನಿಂತಿದ್ದವಳು ನಾನೊಬ್ಬಳೇ.